ಪಾಯಿಂಟರ್ ಕಂಡರೆ ಭಯವೇ? ಡೆನ್ನಿಸ್ ರಿಚಿಯ ಕತೆ ಕೇಳಿ

ಕೊಡಗಿನ ಹುಡುಗ ಹುಡುಗಿಯರು ಪೊನ್ನಂಪೇಟೆಯಲ್ಲೋ ಮೈಸೂರು, ಮಂಗಳೂರಿನಲ್ಲೋ ಇಂಜಿನಿಯರಿಂಗ್ ಸೇರಿದರೆ ಸಿ ಭಾಷೆ ಎದುರಾಗುತ್ತೆ. ಇಂಟ್, ಫ್ಲೋಟ್ ತನಕ ತೊಂದರೆ ಇಲ್ಲ. ಪಾಯಿಂಟರ್ ಬಂತು ಅಂದ್ರೆ ಎಷ್ಟೋ ಜನ ಬಾಯಿಪಾಠಕ್ಕೆ ಇಳೀತಾರೆ. ಪಾಸಾಗ್ತಾರೆ, ಆದರೆ ಪ್ರೋಗ್ರಾಮಿಂಗ್ ತನಗೆ ಒಗ್ಗಲ್ಲ ಅನ್ನೋ ಅನುಮಾನ ಉಳಿದುಬಿಡುತ್ತೆ. ಆ ನಕ್ಷತ್ರ ಚಿಹ್ನೆ, ಆ ಕಂಸಗಳು ಯಾಕೆ ಹಾಗಿವೆ ಅಂತ ತಿಳಿಯೋಕೆ, ಅವನ್ನು ಅಲ್ಲಿಟ್ಟವನ ಬದುಕನ್ನು ನೋಡಬೇಕು.

ಡೆನ್ನಿಸ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿ, ಅಲ್ಲೇ ಪಿಎಚ್‌ಡಿ ಪ್ರಬಂಧವನ್ನೂ ಬರೆದ. ಆದರೆ ಬೈಂಡ್ ಮಾಡಿಸಿದ ಪ್ರತಿಯನ್ನು ಲೈಬ್ರರಿಗೆ ಕೊಡಲೇ ಇಲ್ಲ, ಹಾಗಾಗಿ ಡಾಕ್ಟರೇಟ್ ಸಿಗಲಿಲ್ಲ. 1967ರಲ್ಲಿ ತಾನೂ ಬೆಲ್ ಲ್ಯಾಬ್ಸ್ ಸೇರಿದ. 1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಪುಟ್ಟ ಯಂತ್ರದ ಮೇಲೆ ಯುನಿಕ್ಸ್ ಶುರು ಮಾಡಿದಾಗ ಜೊತೆಗೂಡಿದ.

ಥಾಂಪ್ಸನ್ ರೂಪಿಸಿದ ಬಿ ಭಾಷೆಯಲ್ಲಿ ಡೇಟಾ ಟೈಪ್‌ಗಳೇ ಇರಲಿಲ್ಲ. ಸಂಖ್ಯೆ, ಅಕ್ಷರ, ವಿಳಾಸ ಎಲ್ಲಕ್ಕೂ ಒಂದೇ ಅಳತೆಯ ಡಬ್ಬ. ಆಮೇಲೆ ಪಿಡಿಪಿ-11 ಬಂತು. ಅದರಲ್ಲಿ ಪ್ರತಿ ಬೈಟ್‌ಗೂ ಬೇರೆ ವಿಳಾಸ. ಅಕ್ಷರಕ್ಕೆ 1 ಬೈಟ್, ಪೂರ್ಣಾಂಕಕ್ಕೆ 2. ಹಾಗಾದ್ರೆ ಮುಂದಿನದಕ್ಕೆ ಹೋಗು ಅಂದಾಗ ಎಷ್ಟು ಹೆಜ್ಜೆ ಇಡಬೇಕು? ಅಲ್ಲಿರೋದು ಏನು ಅಂತ ಕಂಪೈಲರ್‌ಗೆ ಗೊತ್ತಿದ್ದರೆ ಮಾತ್ರ ಹೇಳೋಕಾಗೋದು. 1971ರಿಂದ 1973ರ ಒಳಗೆ ರಿಚಿ ಬಿ ಭಾಷೆಗೆ ಟೈಪ್‌ಗಳನ್ನು ಸೇರಿಸಿ ಸಿ ಮಾಡಿದ.

ಘೋಷಣೆಗೆ, ಅಂದರೆ ಡಿಕ್ಲರೇಷನ್‌ಗೆ, ಅವನು ಇಟ್ಟುಕೊಂಡ ಸೂತ್ರ ಒಂದೇ: ಬಳಸುವಾಗ ಹೇಗೆ ಬರೀತೀವೋ ಘೋಷಿಸುವಾಗಲೂ ಹಾಗೇ. ಹೆಸರಿನಿಂದ ಶುರು ಮಾಡಿ, ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ. ದುಂಡು ಕಂಸ ಇದ್ದರೆ ಅದರ ಒಳಗಿನದು ಮೊದಲು.

ಪೂರ್ಣಾಂಕವನ್ನು ಮನೆ ಅಂದ್ಕೊಳ್ಳಿ, ಪಾಯಿಂಟರನ್ನು ವಿಳಾಸದ ಚೀಟಿ. ಇಂಟ್ *ಪಿ[10] ಅಂದ್ರೆ ಪಿ ಎಂಬುದು ಹತ್ತು ಚೀಟಿಗಳ ಕಟ್ಟು. ಒಂದು ಚೀಟಿಯ ಮನೆ ವಿರಾಜಪೇಟೆಯಲ್ಲಿರಬಹುದು, ಇನ್ನೊಂದರದ್ದು ಸೋಮವಾರಪೇಟೆಯಲ್ಲಿ. ಇಂಟ್ (*ಪಿ)[10] ಅಂದ್ರೆ ಚೀಟಿ ಒಂದೇ. ಅದು ತೋರಿಸೋದು ಕಾಫಿ ತೋಟದ ಹತ್ತು ಬಾಗಿಲಿನ ಲೈನ್‌ಮನೆಯನ್ನು. ಇಲ್ಲಿ ಪಿಗೆ ಒಂದು ಕೂಡಿಸಿದರೆ ಪಕ್ಕದ ಬಾಗಿಲಿಗೆ ಹೋಗಲ್ಲ, ಇಡೀ ಲೈನು ದಾಟಿ ಮುಂದಿನ ಲೈನಿಗೆ ಹೋಗುತ್ತೆ. ಪಿಡಿಪಿ-11ರಲ್ಲಿ ಅದು 20 ಬೈಟ್. ಒಂದು ಜೊತೆ ಕಂಸ ಮಾಡೋ ವ್ಯತ್ಯಾಸ ಇಷ್ಟು.

ಆದರೂ ಇದು ಕಷ್ಟವೇ, ಅದನ್ನು ರಿಚಿ ಮುಚ್ಚಿಡಲಿಲ್ಲ. 1993ರಲ್ಲಿ ಸಿ ಭಾಷೆಯ ಇತಿಹಾಸ ಬರೆದಾಗ, ನಕ್ಷತ್ರವನ್ನು ಹೆಸರಿನ ಹಿಂದೆ ಇಡದೆ ಮುಂದೆ ಇಟ್ಟಿದ್ದರಿಂದಲೇ ಘೋಷಣೆಗಳು ಇಷ್ಟು ತೊಡಕಾಗಿ ಕಾಣ್ತವೆ ಅಂತ ಒಪ್ಪಿಕೊಂಡ. ಅಷ್ಟರಲ್ಲಿ ಬದಲಾಯಿಸುವ ಕಾಲ ಮೀರಿತ್ತು. 1973ರಲ್ಲೇ ಯುನಿಕ್ಸ್‌ನ ತಿರುಳು ಸಿ ಭಾಷೆಗೆ ಬಂದಿತ್ತು. 1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ಬರೆದ ಪುಸ್ತಕ ಜಗತ್ತಿನ ಮೇಜುಗಳ ಮೇಲಿತ್ತು. 1983ರಲ್ಲಿ ರಿಚಿ, ಥಾಂಪ್ಸನ್ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಬಂದಾಗಿತ್ತು.

2007ರಲ್ಲಿ ನಿವೃತ್ತನಾದ ರಿಚಿ 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಮನೆಯಲ್ಲಿ ತೀರಿಹೋಗಿದ್ದು ಕಂಡುಬಂತು. ಒಬ್ಬನೇ ಇದ್ದ. ಒಂದು ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು, ಜಗತ್ತು ಆ ಶೋಕದಲ್ಲಿತ್ತು. ಜಾಬ್ಸ್ ಮಾರಿದ ಐಫೋನಿನ ಒಳಗಿದ್ದದ್ದೂ ಯುನಿಕ್ಸ್ ವಂಶದ್ದೇ ವ್ಯವಸ್ಥೆ.

ಈ ವರ್ಷ ಸಿ ಕಲಿಯುತ್ತಿರುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ನಕ್ಷತ್ರ ಗೊಂದಲ ಹುಟ್ಟಿಸಿದರೆ ಅದು ದಡ್ಡತನ ಅಲ್ಲ, ಗೊಂದಲ ಇರೋದು ಆ ಬರವಣಿಗೆಯಲ್ಲೇ. ಅದನ್ನು ಮಾಡಿದವನೇ ಹಾಗಂತ ಬರೆದಿಟ್ಟು ಹೋಗಿದ್ದಾನೆ. ಒಂದು ಕಾಗದ ತಗೊಂಡು ಚೀಟಿ, ಲೈನ್‌ಮನೆ ಬಿಡಿಸಿ ನೋಡಿ.