ಕಡಲಿಗೆ ಎದುರಾಗಿ ನಿಂತ ಕಲಾವಿದೆ: ಜೋನ್ ಅರ್ಡ್‌ಲೀ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸ್ಟೋನ್‌ಹೇವನ್ ಪಟ್ಟಣದ ದಕ್ಷಿಣಕ್ಕೆ ಕ್ಯಾಟರ್‌ಲೈನ್ ಎಂಬ ಪುಟ್ಟ ಹಳ್ಳಿಯಿದೆ. ಕಡಿದಾದ ದಿಬ್ಬದ ಅಂಚಿನಲ್ಲಿ ಒಂದಕ್ಕೊಂದು ಒರಗಿ ನಿಂತ ತಗ್ಗು ಮನೆಗಳ ಸಾಲು. ಕೆಳಗೆ ಕೊಲ್ಲಿ, ಅಲ್ಲಿ ಮೊದಲೆಲ್ಲ ಸಾಲ್ಮನ್ ಬಲೆಗಳನ್ನು ಒಣಗಲು ಹರವುತ್ತಿದ್ದರು. ಹಿಂದೆ ಧಾನ್ಯದ ಹೊಲಗಳು. ಇಷ್ಟೇ ಆ ಊರು. ಅದರ ಹೆಸರು ಇಂದು ಕಲಾಪ್ರಪಂಚಕ್ಕೆಲ್ಲ ಪರಿಚಿತವಾಗಿದ್ದರೆ ಅದಕ್ಕೆ ಮುಖ್ಯ ಕಾರಣರು ಜೋನ್ ಅರ್ಡ್‌ಲೀ.

ಜೋನ್ ಹುಟ್ಟಿದ್ದು 1921ರ ಮೇ 18ರಂದು, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಹೈನುಗಾರಿಕೆಯ ಮನೆಯೊಂದರಲ್ಲಿ. ಮೊದಲ ಮಹಾಯುದ್ಧದ ವಿಷಾನಿಲಕ್ಕೆ ಸಿಲುಕಿ ಬಂದಿದ್ದ ತಂದೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಮಗಳು ಇನ್ನೂ ಬಾಲಕಿಯಾಗಿದ್ದಾಗಲೇ ಪ್ರಾಣ ಕಳೆದುಕೊಂಡರು. ಎರಡನೆಯ ಮಹಾಯುದ್ಧದ ಆರಂಭದ ದಿನಗಳಲ್ಲಿ ತಾಯಿ ಮಕ್ಕಳೊಡನೆ ಗ್ಲಾಸ್ಗೊ ನಗರದ ಬಳಿಗೆ ಬಂದರು. 1940ರಲ್ಲಿ ಜೋನ್ ಅಲ್ಲಿನ ಕಲಾಶಾಲೆಯನ್ನು ಸೇರಿ, ಹ್ಯೂ ಆ್ಯಡಮ್ ಕ್ರಾಫರ್ಡರ ಶಿಷ್ಯೆಯಾದರು. ಪದವಿಯ ಬಳಿಕ ಶಿಕ್ಷಕ ತರಬೇತಿಗೆ ಸೇರಿದರಾದರೂ ಅದನ್ನು ಬೇಗನೆ ಬಿಟ್ಟು, ಯುದ್ಧಕಾಲದಲ್ಲಿ ದೋಣಿ ಕಟ್ಟುವವರ ಬಳಿ ಬಡಗಿಯ ಕೆಲಸ ಕಲಿತರು. ಅಧ್ಯಾಪಕರಾದ ನಮಗೆ ಇದನ್ನು ಬರೆಯುವಾಗ ನಗು ಬರುತ್ತದೆ. ಆದರೆ ಉಳಿ ಹಿಡಿದ ಆ ಕೈ ಮುಂದೆ ಹಲಗೆಯ ಮೇಲೆ ಬಣ್ಣ ಮೆತ್ತಿದ ಬಗೆಯನ್ನು ನೋಡಿದಾಗ, ಆ ಕಾಲ ವ್ಯರ್ಥವಾಗಲಿಲ್ಲವೆಂದೇ ತೋರುತ್ತದೆ.

ಗ್ಲಾಸ್ಗೊದ ಟೌನ್‌ಹೆಡ್ ಎಂಬ ಬಡ ಬಡಾವಣೆಯಲ್ಲಿ ಅವರ ಚಿತ್ರಶಾಲೆಯಿತ್ತು. ಅಲ್ಲಿನ ಬೀದಿಮಕ್ಕಳ ಚಿತ್ರಗಳಿಂದಲೇ ಅವರು ಮೊದಲು ಹೆಸರಾದುದು.

1950ರ ಸುಮಾರಿಗೆ ಗೆಳತಿ ಆ್ಯನೆಟ್ ಸೋಪರ್ ಜೊತೆಗೆ ಕ್ಯಾಟರ್‌ಲೈನನ್ನು ಕಂಡ ಅವರು ಮತ್ತೆ ಆ ಊರನ್ನು ಬಿಡಲಾರದೆ ಹೋದರು. ದಿಬ್ಬದ ಅಂಚಿನ ಹಳೆಯ ಕಾವಲುಮನೆಯನ್ನು ಸೋಪರ್ ಕೊಂಡು ಕಲಾವಿದರಿಗೆ ಬಿಟ್ಟುಕೊಟ್ಟರು. ಮುಂದೆ ಜೋನ್ ಅದೇ ಸಾಲಿನಲ್ಲಿ ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇಲ್ಲದ ಮನೆಯೊಂದನ್ನು ಪಡೆದರು. ಬಿರುಗಾಳಿ ಬರುವ ಸೂಚನೆ ಕಂಡರೆ ಹಳ್ಳಿಯಿಂದ ದೂರವಾಣಿ ಕರೆ ಹೋಗುತ್ತಿತ್ತು. ಗ್ಲಾಸ್ಗೊದಲ್ಲಿದ್ದ ಜೋನ್ ಲ್ಯಾಂಬ್ರೆಟ್ಟಾ ಸ್ಕೂಟರ್ ಏರಿ ಹೊರಡುತ್ತಿದ್ದರು. ಆಟಿಯ ಕಡಲಬ್ಬರ ಕೇಳಿದೊಡನೆ ದೋಣಿಗಳನ್ನು ಮೇಲಕ್ಕೆಳೆದು ಮನೆ ಸೇರುವ ನಮ್ಮ ಕರಾವಳಿಯವರಿಗೆ ಇದು ವಿಚಿತ್ರವೆನಿಸದಿರದು. ಚಿತ್ರದ ಹಲಗೆ ಹಾರಿಹೋಗದಂತೆ ಹಗ್ಗ ಬಿಗಿದು, ಭಾರ ಹೇರಿ, ದಡದಲ್ಲೇ ನಿಂತು ಅವರು ಬರೆಯುತ್ತಿದ್ದರು. ಗಾಳಿಗೆ ಹಾರಿಬಂದ ಮರಳು, ಹುಲ್ಲಿನ ಬೀಜ, ತೆನೆಯ ಚೂರು ಬಣ್ಣದಲ್ಲಿ ಅಂಟಿಕೊಂಡರೆ ಅವನ್ನು ತೆಗೆಯುತ್ತಿರಲಿಲ್ಲ. ಕೆಲವೊಮ್ಮೆ ತಾವೇ ಬೆರೆಸುತ್ತಿದ್ದರು. 1961ರ ‘ಅಲೆ’ ಎಂಬ ಚಿತ್ರ ಆರು ಅಡಿಗೂ ಮಿಕ್ಕ ಅಗಲದ್ದು. ತೈಲವರ್ಣದೊಡನೆ ಮರಳಿನ ಕಣಗಳೂ ಅದರಲ್ಲಿವೆ. ಒಂದೇ ಜಾಗದಲ್ಲಿ ನಿಂತು, ಬೆಳಕು ಬದಲಾದಂತೆ ಹಲಗೆ ಬದಲಿಸುತ್ತ, ಅದೇ ಹೊಲವನ್ನು, ಅದೇ ಕೊಲ್ಲಿಯನ್ನು ಮತ್ತೆ ಮತ್ತೆ ಬರೆದರು.

ಸಂಘ ಕಟ್ಟಿ ಅಧ್ಯಕ್ಷತೆ ವಹಿಸುವ ಜಾಯಮಾನ ಅವರದಲ್ಲ. ಆದರೂ ಅವರ ಸುತ್ತ ಒಂದು ಬಳಗ ಬೆಳೆಯಿತು. ಮನೋವ್ಯಾಧಿಯಿಂದ ನರಳುತ್ತಿದ್ದ ಚಿತ್ರಕಾರ ಆ್ಯಂಗಸ್ ನೀಲ್‌ಗೆ ಅಲ್ಲಿ ಆಸರೆ ದೊರೆಯಿತು. ಆರ್ಬ್ರೋತ್ ಬಳಿಯ ಹಾಸ್ಪಿಟಲ್‌ಫೀಲ್ಡ್ ಕಲಾಕೇಂದ್ರದಲ್ಲಿ 1960ರಲ್ಲಿ ಪರಿಚಿತರಾದ ತರುಣಿ ಲಿಲ್ ನೀಲ್ಸನ್ ಜೋನ್ ಅವರ ಪಕ್ಕದಲ್ಲೇ ನಿಂತು ಕಡಲನ್ನು ಬರೆಯಲು ಕಲಿತರು. ತರಬೇತಿ ಶಾಲೆಯನ್ನು ತೊರೆದವರು ಹೀಗೆ ಗುರುವಾದರು.

ಎದೆಯ ಅರ್ಬುದರೋಗ ಅಷ್ಟರಲ್ಲಿ ಅವರನ್ನು ಹಿಡಿದಿತ್ತು. 1963ರ ಆರಂಭದ ಚಳಿಗಾಲ ಬ್ರಿಟನ್ನಿನಲ್ಲಿ ಬಹು ಕಠೋರವಾಗಿತ್ತು. ಆ ಹಿಮದಲ್ಲೂ ಅವರು ಹೊರಗೆ ನಿಂತು ಕೆಲಸ ಮಾಡಿದರು. ಹಿಮ ಮುಚ್ಚಿದ ಇಳಿಜಾರಿನ ಮೇಲೆ ಮನೆಗಳ ಕಪ್ಪು ಸಾಲು ಕಾಣುವ ‘ಚಳಿಗಾಲದ ಕ್ಯಾಟರ್‌ಲೈನ್’ ಆ ದಿನಗಳದು. ಅದೇ ವರ್ಷ ರಾಯಲ್ ಸ್ಕಾಟಿಷ್ ಅಕಾಡೆಮಿ ಅವರನ್ನು ಪೂರ್ಣ ಸದಸ್ಯರನ್ನಾಗಿ ಆರಿಸಿತು. ಲಂಡನ್ನಿನ ಪ್ರದರ್ಶನಕ್ಕೂ ಮನ್ನಣೆ ಬಂತು. ನಮಗೆ ತಿಳಿದಂತೆ ಇಷ್ಟು ಮಾನ ಒಟ್ಟಿಗೆ ಬಂದ ವರ್ಷ ಅವರ ಬಾಳಿನಲ್ಲಿ ಇನ್ನೊಂದಿಲ್ಲ. ಆಗಸ್ಟ್ 16ರಂದು, ನಲವತ್ತೆರಡರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಚಿತಾಭಸ್ಮವನ್ನು ಕ್ಯಾಟರ್‌ಲೈನಿನ ದಡದಲ್ಲಿ ಚೆಲ್ಲಲಾಯಿತು.

ಲಿಲ್ ನೀಲ್ಸನ್ ಮುಂದೆ ಅದೇ ಹಳ್ಳಿಯಲ್ಲಿ ನೆಲೆಸಿ, ಅದೇ ಕಡಲನ್ನು ಬರೆಯುತ್ತ ಉಳಿದರು.