ಬೆನಗಲ್ ನರಸಿಂಗ ರಾವ್

ಸರ್ ಬೆನಗಲ್ ನರಸಿಂಗ ರಾವ್ (೨೬ ಫೆಬ್ರವರಿ ೧೮೮೭ – ೩೦ ನವೆಂಬರ್ ೧೯೫೩) ಭಾರತದ ನ್ಯಾಯಶಾಸ್ತ್ರಜ್ಞ, ಆಡಳಿತಗಾರ ಮತ್ತು ರಾಜತಾಂತ್ರಿಕರು. ಬಿ. ಎನ್. ರಾವ್ ಎಂದೇ ಪರಿಚಿತರಾದ ಇವರು ಸಂವಿಧಾನ ರಚನಾ ಸಭೆಯ ಸಂವಿಧಾನ ಸಲಹೆಗಾರರಾಗಿದ್ದರು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರೆಂದು ಇವರನ್ನು ಸಾಮಾನ್ಯವಾಗಿ ಸ್ಮರಿಸಲಾಗುತ್ತದೆ. ಸಾರ್ವತ್ರಿಕ ವಯಸ್ಕ ಮತಾಧಿಕಾರದ ಆಧಾರದ ಮೇಲೆ ದೇಶದ ಮೊದಲ ಮತದಾರರ ಪಟ್ಟಿಯ ತಯಾರಿಕೆ ಆರಂಭವಾದದ್ದೂ ಇವರ ಮಾರ್ಗದರ್ಶನದಲ್ಲಿಯೇ. ಈ ಕೆಲಸ ಕರಡಿನಷ್ಟು ಪ್ರಸಿದ್ಧವಾಗಿಲ್ಲ.

ಜೀವನ ಮತ್ತು ವೃತ್ತಿ

ರಾವ್ ಅವರು ಮಂಗಳೂರಿನ ಚಿತ್ರಾಪುರ ಸಾರಸ್ವತ ಕುಟುಂಬಕ್ಕೆ ಸೇರಿದವರು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರಾಗಿದ್ದರು. ಸಹೋದರರಲ್ಲಿ ಬೆನಗಲ್ ರಾಮ ರಾವ್ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಬಿ. ಶಿವ ರಾವ್ ಪತ್ರಕರ್ತರೂ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮದ್ರಾಸ್ ಪ್ರಾಂತಕ್ಕೇ ಮೊದಲಿಗರಾಗಿ ಉತ್ತೀರ್ಣರಾದ ಇವರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮುಂದುವರಿಸಿದರು. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂಗಾಳದಲ್ಲಿ ಸೇವೆ ಆರಂಭಿಸಿದರು. ಮುಂದೆ ಹಲವು ವರ್ಷ ಅಸ್ಸಾಮಿನಲ್ಲಿದ್ದರು.

೧೯೩೫ರ ಭಾರತ ಸರ್ಕಾರ ಅಧಿನಿಯಮಕ್ಕೆ ಅನುಗುಣವಾಗಿ ಹಳೆಯ ಕಾನೂನುಗಳನ್ನು ಪರಿಷ್ಕರಿಸುವ ಹೊಣೆ ಇವರದಾಗಿತ್ತು. ೧೯೩೮ರಲ್ಲಿ ಸರ್ ಪದವಿ ದೊರೆಯಿತು. ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ, ೧೯೪೪–೪೫ರಲ್ಲಿ ಜಮ್ಮು ಮತ್ತು ಕಾಶ್ಮೀರದ ಪ್ರಧಾನಮಂತ್ರಿಯಾಗಿ ಕೆಲಸ ಮಾಡಿದರು. ೧೯೪೬ರಲ್ಲಿ ಸಂವಿಧಾನ ಸಲಹೆಗಾರರಾಗಿ ನೇಮಕಗೊಂಡಾಗ ಸಂಬಳ ಪಡೆಯದೆ ಆ ಹುದ್ದೆಯನ್ನು ನಿರ್ವಹಿಸಿದರು. ಅವರು ಸಭೆಯ ಸದಸ್ಯರಾಗಿರಲಿಲ್ಲ. ಆದ್ದರಿಂದ ಯಾವ ವಿಧಿಯ ಮೇಲೂ ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ೧೯೪೭ರ ಅಕ್ಟೋಬರ್ ವೇಳೆಗೆ ಅವರ ಕರಡು ಸಿದ್ಧವಾಗಿತ್ತು. ಡಾ. ಬಿ. ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಪರಿಶೀಲಿಸಿ ಬಹುಮಟ್ಟಿಗೆ ಮಾರ್ಪಡಿಸಿತು.

ಮತದಾರರ ಪಟ್ಟಿ ಮತ್ತು ಪೌರತ್ವದ ಪ್ರಶ್ನೆ

ಬ್ರಿಟಿಷರ ಕಾಲದಲ್ಲಿ ಮತದ ಹಕ್ಕು ಆಸ್ತಿ, ತೆರಿಗೆ ಅಥವಾ ವಿದ್ಯಾರ್ಹತೆಯನ್ನು ಅವಲಂಬಿಸಿತ್ತು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರ ಹೆಸರನ್ನೂ ಬರೆಯಬೇಕೆಂದಾಗ ಹಳೆಯ ಪಟ್ಟಿಗಳು ಉಪಯೋಗಕ್ಕೆ ಬರಲಿಲ್ಲ. ಸಂವಿಧಾನ ಜಾರಿಯಾಗುವವರೆಗೂ ಕಾದರೆ ಚುನಾವಣೆ ವರ್ಷಗಟ್ಟಲೆ ತಡವಾಗುವುದು ಖಚಿತವಾಗಿತ್ತು. ಹೀಗಾಗಿ ರಾವ್ ಅವರ ಮಾರ್ಗದರ್ಶನದಲ್ಲಿದ್ದ ಸಭೆಯ ಸಚಿವಾಲಯವು ೧೯೪೮ರ ಮಾರ್ಚ್‌ನಲ್ಲಿಯೇ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆ ಕಳುಹಿಸಿತು. ೧೯೪೮ರ ಮಾರ್ಚ್ ೩೧ಕ್ಕೆ ಮುಗಿದ ವರ್ಷದಲ್ಲಿ ಕನಿಷ್ಠ ೧೮೦ ದಿನ ಆಯಾ ಸ್ಥಳದಲ್ಲಿ ವಾಸವಿದ್ದವರನ್ನು ಪಟ್ಟಿಗೆ ಸೇರಿಸಬೇಕೆಂಬುದು ಸಾಮಾನ್ಯ ನಿಯಮವಾಗಿತ್ತು.

ಈ ಕಾರ್ಯದ ವ್ಯಾಪ್ತಿಯನ್ನು ತಿಳಿಯಲು ಕನ್ನಡನಾಡಿನ ಹಂಪಿಯ ಸುತ್ತಲಿನ ಪ್ರದೇಶವನ್ನು ನೋಡಬಹುದು. ಹಂಪಿಗೆ ಹೊಂದಿಕೊಂಡ ಕಡ್ಡಿರಾಂಪುರ, ಹೊಸಪೇಟೆ ಮತ್ತು ಕಂಪ್ಲಿ ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ದಕ್ಷಿಣಕ್ಕೆ ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ. ತುಂಗಭದ್ರೆಯ ಆಚೆ ದಡದ ಆನೆಗೊಂದಿ ನಿಜಾಮರ ಹೈದರಾಬಾದಿಗೆ ಸೇರಿತ್ತು. ಒಂದು ದಿನದ ನಡಿಗೆಯಷ್ಟು ದೂರದಲ್ಲಿ ಮೂರು ಆಡಳಿತಗಳು, ಮೂರು ಬಗೆಯ ಪ್ರಜೆಗಳು. ಸಂಡೂರು ೧೯೪೯ರಲ್ಲಿ ಮದ್ರಾಸಿನಲ್ಲಿ ವಿಲೀನವಾಯಿತು. ಇವರೆಲ್ಲರೂ ಒಂದೇ ದೇಶದ ಮತದಾರರಾಗಬೇಕಿತ್ತು. ಆದರೆ ಭಾರತದ ಪೌರರು ಯಾರೆಂಬುದನ್ನು ಹೇಳುವ ಕಾನೂನು ಇನ್ನೂ ಅಂಗೀಕಾರವಾಗಿರಲಿಲ್ಲ.

ಹುಟ್ಟಿದ ಊರಿನಲ್ಲೇ ಬಾಳುತ್ತಿದ್ದವರ ವಿಷಯದಲ್ಲಿ ಈ ಕೊರತೆ ದೊಡ್ಡ ತೊಡಕಾಗಲಿಲ್ಲ. ವಿಭಜನೆಯಿಂದ ಮನೆ ಮಠ ಬಿಟ್ಟು ಬಂದ ನಿರಾಶ್ರಿತರ ವಿಷಯದಲ್ಲಿ ಅದೇ ಮುಖ್ಯ ಪ್ರಶ್ನೆಯಾಯಿತು. ೧೮೦ ದಿನಗಳ ವಾಸವನ್ನು ತೋರಿಸಲು ಅವರಲ್ಲಿ ಬಹುಮಂದಿಗೆ ಸಾಧ್ಯವಿರಲಿಲ್ಲ. ಅನೇಕರ ಬಳಿ ಕಾಗದಪತ್ರಗಳೂ ಉಳಿದಿರಲಿಲ್ಲ. ಅಸ್ಸಾಮ್ ಮೊದಲಾದೆಡೆ ಸ್ಥಳೀಯ ಅಧಿಕಾರಿಗಳು ಅವರನ್ನು ಪಟ್ಟಿಯಿಂದ ಹೊರಗಿಡತೊಡಗಿದಾಗ ನಾಗರಿಕ ಸಂಘಗಳು ನೇರವಾಗಿ ದೆಹಲಿಗೆ ಪತ್ರ ಬರೆದವು. ಅಧಿಕಾರಿಗಳ ಅಳುಕಿಗೆ ಕಾರಣವಿರಲಿಲ್ಲವೆಂದಲ್ಲ: ಪೌರರಲ್ಲದವರು ಪಟ್ಟಿಗೆ ಸೇರಿದರೆ ಮುಂದೆ ಅವರ ಹೆಸರನ್ನು ತೆಗೆಯುವುದು ಯಾರ ಹೊಣೆ ಎಂಬುದು ಸ್ಪಷ್ಟವಿರಲಿಲ್ಲ.

ರಾವ್ ಸೂಚಿಸಿದ ಪರಿಹಾರ ಸರಳವಾಗಿತ್ತು. ಇಂಥ ಊರಿನಲ್ಲಿ ಶಾಶ್ವತವಾಗಿ ನೆಲೆಸುವ ಉದ್ದೇಶವಿದೆಯೆಂದು ನಿರಾಶ್ರಿತರು ಘೋಷಿಸಿದರೆ ಸಾಕು. ಎಷ್ಟು ದಿನಗಳಿಂದ ಅಲ್ಲಿದ್ದಾರೆಂಬುದನ್ನು ಲೆಕ್ಕಿಸದೆ ಸದ್ಯಕ್ಕೆ ಅವರ ಹೆಸರನ್ನು ಬರೆದುಕೊಳ್ಳಬೇಕು. ಪಟ್ಟಿ ಇನ್ನೂ ಕರಡಾಗಿದ್ದುದರಿಂದ, ಪೌರತ್ವದ ವಿಧಿಗಳು ಅಂಗೀಕಾರವಾದ ಬಳಿಕ ಅದನ್ನು ತಿದ್ದಲು ಅವಕಾಶವಿತ್ತು. ಪಟ್ಟಿಯಲ್ಲಿ ಸೇರಿದ ತಪ್ಪು ಹೆಸರನ್ನು ಆಕ್ಷೇಪಣೆಯ ಮೂಲಕ ತೆಗೆಯಬಹುದು. ಬಿಟ್ಟುಹೋದ ನಿರಾಶ್ರಿತನನ್ನು ಮತ್ತೆ ಹುಡುಕಿ ಸೇರಿಸುವುದು ಅದಕ್ಕಿಂತ ಬಹಳ ಕಷ್ಟ. ೧೯೪೮ರ ಮಧ್ಯಭಾಗದಲ್ಲಿ ಈ ಸೂಚನೆ ಎಲ್ಲೆಡೆಗೆ ಹೋಯಿತು. ೧೯೪೯ರ ಜನವರಿ ೮ರಂದು ಸಂವಿಧಾನ ರಚನಾ ಸಭೆ ಅಂಗೀಕರಿಸಿದ ನಿರ್ಣಯದಲ್ಲಿಯೂ ಅದು ಸ್ಥಾನ ಪಡೆಯಿತು.

ಪೌರತ್ವ ಮತ್ತು ಚುನಾವಣೆಗಳಿಗೆ ಸಂಬಂಧಿಸಿದ ವಿಧಿಗಳು ೧೯೪೯ರ ನವೆಂಬರ್ ೨೬ರಂದೇ ಜಾರಿಗೆ ಬಂದವು. ೧೯೫೧–೫೨ರ ಮೊದಲ ಮಹಾಚುನಾವಣೆಯನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನಡೆಸಿದರು. ಪಟ್ಟಿಯಲ್ಲಿ ೧೭ ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಪಟ್ಟಿ ದೋಷರಹಿತವಾಗಿರಲಿಲ್ಲ. ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು ೨೮ ಲಕ್ಷ ಮಹಿಳೆಯರ ನಮೂದುಗಳನ್ನು ಕೈಬಿಡಬೇಕಾಯಿತು.

ಸಂವಿಧಾನದ ೩೨೬ನೆಯ ವಿಧಿ ಮತದಾನವನ್ನು ಭಾರತದ ಪೌರರಿಗೆ ಮಾತ್ರ ಮೀಸಲಿಟ್ಟಿದೆ. ೧೯೫೦ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ ೧೬ನೆಯ ಪ್ರಕರಣ ಪೌರರಲ್ಲದವರನ್ನು ಅನರ್ಹಗೊಳಿಸುತ್ತದೆ. ಆದರೂ ನಮೂನೆ ೬ರಲ್ಲಿ ಹೊಸ ಮತದಾರರು ತಾವು ಭಾರತದ ಪೌರರೆಂದು ಘೋಷಿಸಿ ಸಹಿ ಮಾಡುವ ಪದ್ಧತಿ ಮುಂದುವರಿದಿದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಈಗಾಗಲೇ ಪಟ್ಟಿಯಲ್ಲಿರುವವರ ಪೌರತ್ವವನ್ನು ಸಂಶಯಿಸಿದಾಗ ಅವರಿಗೆ ನೋಟಿಸ್ ನೀಡಿ ಅಹವಾಲು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿತು. ೨೦೨೫ರಲ್ಲಿ ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಚುನಾವಣಾ ಆಯೋಗವು ೨೦೦೩ರ ಪಟ್ಟಿಯಲ್ಲಿಲ್ಲದವರಿಂದ ದಾಖಲೆಗಳನ್ನು ಕೇಳಿದಾಗ, ಘೋಷಣೆ ಸಾಕೇ, ದಾಖಲೆ ಬೇಕೇ ಎಂಬ ಹಳೆಯ ಪ್ರಶ್ನೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು.

ಕೊನೆಯ ವರ್ಷಗಳು

ಮೊದಲ ಚುನಾವಣೆ ನಡೆಯುವ ಹೊತ್ತಿಗೆ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿದ್ದರು. ೧೯೫೦ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. ಬರ್ಮಾ ದೇಶದ ಸಂವಿಧಾನ ರಚನೆಗೂ ಅವರು ನೆರವಾಗಿದ್ದರು. ೧೯೫೨ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಅವರು, ೧೯೫೩ರ ನವೆಂಬರ್ ೩೦ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಧನರಾದರು. ಭಾರತ ಸರ್ಕಾರವು ೧೯೮೮ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.