ಸರ್ಪಗಂಧಿಯ ವೈದ್ಯ: ಡಾ. ರುಸ್ತುಂ ಜಾಲ್ ವಕೀಲ್

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯನ್ನು ದಾಟಿ ಡಿ.ಬಿ. ಕುಪ್ಪೆಯ ಹಾದಿ ಹಿಡಿದರೆ ನಾಗರಹೊಳೆಯ ಕಾಡು ಎದುರಾಗುತ್ತದೆ. ಸಹ್ಯಾದ್ರಿಯ ಆಸುಪಾಸಿನ ತೇವದ ಕಾಡುಗಳಲ್ಲಿ, ಮರಗಳ ನೆರಳಿನಲ್ಲಿ, ಮೊಳಕಾಲೆತ್ತರಕ್ಕೆ ಬೆಳೆಯುವ ಗಿಡವೊಂದುಂಟು. ಕೆಂಪು ತೊಟ್ಟಿನ ಬಿಳಿಯ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು, ಅಂಕುಡೊಂಕಾಗಿ ನೆಲಕ್ಕಿಳಿದ ಕಹಿಬೇರು. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿಯೆಂದೂ ಸರ್ಪಗಂಧಿಯೆಂದೂ ಹೆಸರು. ಪರದೇಶದ ವೈದ್ಯರೂ ಈ ಬೇರಿನ ಗುಣವನ್ನು ನಂಬುವಂತೆ ಮಾಡಿದವರು ಮುಂಬಯಿಯ ಹೃದಯತಜ್ಞ ಡಾ. ರುಸ್ತುಂ ಜಾಲ್ ವಕೀಲರು.

1911ರಲ್ಲಿ ಪಾರ್ಸಿ ಮನೆತನವೊಂದರಲ್ಲಿ ಜನಿಸಿದ ವಕೀಲರು ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ತಾಯ್ನಾಡಿಗೆ ಮರಳಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹೃದ್ರೋಗಿಗಳ ಸೇವೆಗೆ ನಿಂತರು. ಏರಿದ ರಕ್ತದೊತ್ತಡವನ್ನು ಇಳಿಸಬಲ್ಲ ಒಳ್ಳೆಯ ಔಷಧ ಆಗ ಇಲ್ಲವೆಂದೇ ಹೇಳಬೇಕು. ಉಪ್ಪಿಲ್ಲದ ಪಥ್ಯ ಅಥವಾ ನರವನ್ನು ಕತ್ತರಿಸುವ ಶಸ್ತ್ರಕ್ರಿಯೆ, ಇವೇ ರೋಗಿಗೆ ಉಳಿದಿದ್ದ ದಾರಿಗಳು.

ಸರ್ಪಗಂಧಿಯಾದರೋ ನಮ್ಮ ನಾಡಿಗೆ ಹೊಸದಲ್ಲ. ಹಾವಿನ ಕಡಿತಕ್ಕೂ ನಿದ್ರಾಹೀನತೆಗೂ ಚಿತ್ತಭ್ರಮೆಗೂ ಅದನ್ನು ಕೊಡುವ ವಾಡಿಕೆಯಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಹಾಗೂ ಕಾರ್ತಿಕಚಂದ್ರ ಬೋಸರು, ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದು ಮದ್ದೆಂದು ಬರೆದಿದ್ದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇರಿನಿಂದ ಕ್ಷಾರಸತ್ತ್ವಗಳನ್ನು ಬೇರ್ಪಡಿಸಿದ್ದರು. ಆದರೂ ಪಶ್ಚಿಮದ ವೈದ್ಯರು ಕಿವಿಗೊಡಲಿಲ್ಲ. ನಾಟಿ ಮದ್ದೆಂದು ತಳ್ಳುವವರು ಒಂದು ಕಡೆ, ಪ್ರಾಚೀನವೆಂದು ತಲೆಬಾಗುವವರು ಇನ್ನೊಂದು ಕಡೆ. ವಕೀಲರು ಎರಡು ಪಂಗಡಕ್ಕೂ ಸೇರಲಿಲ್ಲ. ಐವತ್ತು ಮಂದಿ ರೋಗಿಗಳಿಗೆ ಔಷಧವನ್ನಿತ್ತು, ಒತ್ತಡವನ್ನು ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆ ಬರಹದ ನಂತರ ಪರದೇಶದ ಪ್ರಯೋಗಶಾಲೆಗಳು ಈ ಬೇರಿನತ್ತ ತಿರುಗಿದವು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅದರ ಮುಖ್ಯ ಸತ್ತ್ವವಾದ ರಿಸರ್ಪಿನ್ ಬೇರ್ಪಟ್ಟಿತು. 1954ರಲ್ಲಿ ನ್ಯೂಯಾರ್ಕಿನ ನಾಥನ್ ಕ್ಲೈನರು, ಅದು ಮನೋರೋಗಿಗಳ ಉದ್ರೇಕವನ್ನು ತಣಿಸುವುದೆಂದು ತಿಳಿಸಿದರು. ರಕ್ತದ ಒತ್ತಡವನ್ನೂ ಮನಸ್ಸಿನ ಕೋಲಾಹಲವನ್ನೂ ಒಂದೇ ಬೇರು ಇಳಿಸುವುದು ಹೇಗೆ?

ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಸವಿರುವುದನ್ನು ಬೆಟ್ಟಿ ಟ್ವಾರೋಗ್ ಮತ್ತು ಇರ್ವಿನ್ ಪೇಜ್ 1953ರಲ್ಲಿ ತೋರಿಸಿದ್ದರು. ರಿಸರ್ಪಿನ್ ಆ ರಸವನ್ನು ಬರಿದುಮಾಡುವುದೆಂದು 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು ಕಂಡುಕೊಂಡರು. ನರಕೋಶವು ಇಂಥ ರಸಗಳನ್ನು ಸೂಕ್ಷ್ಮವಾದ ಚೀಲಗಳಲ್ಲಿ ಕೂಡಿಡುತ್ತದೆ. ರಿಸರ್ಪಿನ್ ಆ ಚೀಲಗಳಿಗೆ ರಸ ತುಂಬುವ ಬಾಗಿಲನ್ನು ಮುಚ್ಚುತ್ತದೆ. ಕಣಜ ಸೇರದೆ ಅಂಗಳದಲ್ಲುಳಿದ ಧಾನ್ಯ ಹುಳುಗಳ ಪಾಲಾಗುವಂತೆ, ಹೊರಗುಳಿದ ರಸವನ್ನು ಕಿಣ್ವಗಳು ಒಡೆದುಹಾಕುತ್ತವೆ. ನಾರ್‌ಅಡ್ರಿನಲಿನ್, ಡೋಪಮಿನ್‌ಗಳಿಗೂ ಇದೇ ಗತಿ. ಆದುದರಿಂದಲೇ ಒತ್ತಡ ಇಳಿಯುತ್ತದೆ, ಮನಸ್ಸೂ ಮಂದವಾಗುತ್ತದೆ. ಎಲ್.ಎಸ್.ಡಿ.ಯ ದಾರಿ ಬೇರೆ: ಅದು ಸಿರೊಟೋನಿನ್ ಕೂರಬೇಕಾದ ತಾಣದಲ್ಲಿ ತಾನೇ ಕುಳಿತು ಭ್ರಮೆಗಳನ್ನೆಬ್ಬಿಸುತ್ತದೆ. ಮುಂದೆ ಬಂದ ಫ್ಲೂಆಕ್ಸಿಟಿನ್, ಹೊರಬಿದ್ದ ಸಿರೊಟೋನಿನನ್ನು ಕೋಶ ಮರಳಿ ಹೀರದಂತೆ ತಡೆಯುತ್ತದೆ.

ರಿಸರ್ಪಿನ್ ಸೇವಿಸಿದ ಕೆಲವರು ವಿಷಾದದಲ್ಲಿ ಮುಳುಗಿದರೆಂಬ ವರದಿಗಳೂ ಬಂದವು. ಈ ರಸಗಳ ಕೊರತೆಯೇ ವಿಷಾದರೋಗಕ್ಕೆ ಮೂಲವೆಂಬ ವಾದಕ್ಕೆ ಅವು ಇಂಬುಕೊಟ್ಟವು. ಮನಸ್ಸಿನ ದುಃಖವನ್ನು ಒಂದೇ ರಸದ ಲೆಕ್ಕಕ್ಕೆ ಕಟ್ಟಲಾಗದೆಂದು ಇಂದಿನ ಸಂಶೋಧಕರು ಎಚ್ಚರಿಸುತ್ತಾರೆ.

1957ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿಯೂ 1958ರಲ್ಲಿ ಪದ್ಮಭೂಷಣವೂ ವಕೀಲರಿಗೆ ಸಂದವು. 1974ರಲ್ಲಿ ಅವರು ತೀರಿಕೊಂಡರು. ಇಂದು ರಕ್ತದೊತ್ತಡಕ್ಕೆ ರಿಸರ್ಪಿನ್ ಕೊಡುವುದು ವಿರಳ. ಬೇರಿಗಾಗಿ ಗಿಡವನ್ನೇ ಕಿತ್ತುದರಿಂದ ಸರ್ಪಗಂಧಿಯೂ ವಿರಳವಾಗಿ, 1990ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಬೇಕಾಯಿತು. ನಾಟಿ ಮದ್ದನ್ನು ಹೊಗಳುವ ಮುನ್ನ, ಹಳಿಯುವ ಮುನ್ನ, ರೋಗಿಯ ಪಕ್ಕದಲ್ಲಿ ಕುಳಿತು ಅಳೆದು ನೋಡಿದ ಆ ವೈದ್ಯರ ತಾಳ್ಮೆಯನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬೇಕು.